ಆ ಬಿಟ್ ಯಾರದ್ದು?

ಚಿಕ್ಕಪ್ಪನ ಹತ್ತಿರ ಒಂದು ಕ್ಯಾಸೆಟ್ ಇತ್ತು. 90 ನಿಮಿಷದ್ದು. ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು ಅವರು. ರಜೆಗೆ ಅರಸೀಕೆರೆಗೆ ಬರುವಾಗ ಬಟ್ಟೆ ಮರೆತರೂ ಅದನ್ನು ಮರೆಯುತ್ತಿರಲಿಲ್ಲ. ಆಗೆಲ್ಲ ಕ್ಯಾಸೆಟ್ ಅಂಗಡಿಗೆ ಹಾಡುಗಳ ಲಿಸ್ಟ್ ಬರೆದುಕೊಟ್ಟರೆ ತುಂಬಿಸಿ ಕೊಡುತ್ತಿದ್ದರು. ಇದು ಆ ಥರದ್ದಲ್ಲ. ಒಂದೇ ರೂಮಿನಲ್ಲಿದ್ದ ಗೆಳೆಯನ ಕ್ಯಾಸೆಟ್ಟಿನಿಂದ ಕಾಪಿ ಹೊಡೆದದ್ದು. ಆ ಗೆಳೆಯ ಇನ್ಯಾರದ್ದರಿಂದಲೋ ಹೊಡೆದುಕೊಂಡಿದ್ದ. ಹಾಗಾಗಿ ಹಾಡಿನ ಹೆಸರೂ ಗೊತ್ತಿಲ್ಲ, ಹಾಡಿದವರ ಹೆಸರೂ ಗೊತ್ತಿಲ್ಲ.

ಡಬ್ಬಿಯೊಳಗಿನ ಕಾಗದದ ಮೇಲೆ ಚಿಕ್ಕಪ್ಪ ತಮಗೆ ತಿಳಿದಂತೆ ನೀಲಿ ಶಾಯಿಯಲ್ಲಿ ಬರೆದುಕೊಂಡಿದ್ದರು. ‘ಚರ್ಚ್ ಹಾರ್ಮೋನಿಯಂ’. ‘ಪಿಟೀಲು’. ‘ಹೆಂಗಸು ಕೂಗುವುದು’. ‘ಪಿಟೀಲು, ಇನ್ನೊಂದು’. ‘ಸ್ಯಾಕ್ಸ್’. ಈ ಸ್ಯಾಕ್ಸ್ ಹಾಡು ಎ ಸೈಡಿನ ಕೊನೆಗೆ ಇತ್ತು. ಎರಡನೇ ಸಲ ಸ್ಯಾಕ್ಸೊಫೋನ್ ಮೇಲಕ್ಕೆ ಏರುತ್ತಿದ್ದ ಹಾಗೆ ಟೇಪ್ ಮುಗಿದು ಬಟನ್ ಟಕ್ ಅಂತ ಮೇಲೆ ಹಾರುತ್ತಿತ್ತು. ಆ ಹಾಡು ಅಲ್ಲಿಗೇ ಮುಗಿಯುತ್ತದೆ ಅಂತ ನಾನು ಬಹಳ ವರ್ಷ ನಂಬಿದ್ದೆ.

ಹೆಸರುಗಳು ಒಂದೊಂದಾಗಿ ಗೊತ್ತಾಗಿದ್ದು ನಾನು ಕೆಲಸಕ್ಕೆ ಸೇರಿ, ಇಂಟರ್ನೆಟ್ ಕೈಗೆ ಬಂದ ಮೇಲೆ. ಎಲ್ಲವೂ ಬ್ರಿಟನ್ನಿನವು. ಎಲ್ಲವೂ ಇವತ್ತಿಗೂ ಅಲ್ಲಿನ ರೇಡಿಯೋದಲ್ಲಿ, ಮದುವೆ ಮನೆಯಲ್ಲಿ, ಸೂಪರ್ ಮಾರ್ಕೆಟ್ಟಿನಲ್ಲಿ ಕೇಳಿಬರುವಂಥವು. ಅವನ್ನು ಬರೆದವರ ಬಗ್ಗೆ ಓದುತ್ತಾ ಹೋದಂತೆ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಚಿಕ್ಕಪ್ಪ ಯಾವುದನ್ನು ಹಾಡಿನ ಹೆಸರು ಅಂತ ಬರೆದುಕೊಂಡಿದ್ದರೋ, ಅದನ್ನು ಬಾರಿಸಿದವರ ಅಥವಾ ಹಾಡಿದವರ ಹೆಸರು ರೆಕಾರ್ಡಿನ ಲೇಬಲ್ಲಿನ ಮೇಲೆ, ‘ರಚನೆ’ ಎಂಬ ಜಾಗದಲ್ಲಿ, ಇರಲೇ ಇಲ್ಲ.

ಗಣೇಶನ ಹಬ್ಬದ ಆರ್ಕೆಸ್ಟ್ರಾ ನೋಡಿದವರಿಗೆ ಈ ಸಂಗತಿ ಹೊಸದಲ್ಲ. ಗಾಯಕ ಎರಡನೇ ಚರಣ ಮರೆತು ಮೊದಲನೆಯದನ್ನೇ ಮತ್ತೆ ಹಾಡಿದರೂ ಯಾರೂ ಏನೂ ಅನ್ನುವುದಿಲ್ಲ. ಆದರೆ ಪಲ್ಲವಿಗೂ ಚರಣಕ್ಕೂ ನಡುವೆ ಒಂದು ಬಿಟ್ ಬರುತ್ತದಲ್ಲ, ಅದನ್ನು ಕೀಬೋರ್ಡಿನವನು ತಪ್ಪಿಸಿದನೋ, ಹಿಂದಿನಿಂದ ಸಿಳ್ಳೆ ಶುರು. ಜನಕ್ಕೆ ಹಾಡು ಅಂದರೆ ಆ ಬಿಟ್ ಕೂಡ. ಎಷ್ಟೋ ಸಲ ಆ ಬಿಟ್ಟೇ ಹಾಡು. ಆಕಾಶವಾಣಿಯಲ್ಲಿ ಮಾತ್ರ ಸಾಹಿತ್ಯ ಇವರದು, ಸಂಗೀತ ಇವರದು, ಹಾಡಿದವರು ಇವರು ಅಂತ ಹೇಳಿ ಮುಗಿಸುತ್ತಾರೆ. ಕೊಳಲು ಊದಿದವರು ಯಾರೋ ಏನೋ.

‘ಚರ್ಚ್ ಹಾರ್ಮೋನಿಯಂ’ ಅಂದರೆ ಪ್ರೋಕೋಲ್ ಹಾರಮ್ ಎಂಬ ಬ್ಯಾಂಡಿನ ‘ಎ ವೈಟರ್ ಶೇಡ್ ಆಫ್ ಪೇಲ್’. 1967ರ ಮೇ ತಿಂಗಳಲ್ಲಿ ಬಂತು. ಜೂನ್ ಹೊತ್ತಿಗೆ ಬ್ರಿಟನ್ನಿನಲ್ಲಿ ಒಂದನೇ ನಂಬರ್, ಆರು ವಾರ ಅಲ್ಲೇ ಕೂತಿತ್ತು. 2009ರಲ್ಲಿ ಅಲ್ಲಿನವರು ಒಂದು ಲೆಕ್ಕ ಹಾಕಿದರು. ಹಿಂದಿನ 75 ವರ್ಷಗಳಲ್ಲಿ ಬ್ರಿಟನ್ನಿನ ಸಾರ್ವಜನಿಕ ಜಾಗಗಳಲ್ಲಿ ಅತಿ ಹೆಚ್ಚು ಸಲ ಹಾಕಿದ ರೆಕಾರ್ಡ್ ಯಾವುದು ಅಂತ. ಇದೇ.

ಹಾಡಿನ ಅರ್ಥ ಕೇಳಬೇಡಿ. ಮಾತು ಬರೆದ ಕೀತ್ ರೀಡ್‌ಗೆ ಆ ಶೀರ್ಷಿಕೆ ಸಿಕ್ಕಿದ್ದು ಒಂದು ಪಾರ್ಟಿಯಲ್ಲಿ. ಯಾರೋ ಒಬ್ಬ ಒಬ್ಬಳಿಗೆ, ನಿನ್ನ ಮುಖ ಬಿಳಿಚಿಕೊಂಡಿದ್ದೂ ಸಾಲದೆ ಇನ್ನೂ ಬಿಳಿಚಿತು ಅನ್ನೋ ಥರ ಏನೋ ಅಂದದ್ದು ಇವರ ಕಿವಿಗೆ ಬಿತ್ತು. ಅದನ್ನೇ ಹಿಡಿದುಕೊಂಡು ನಾಲ್ಕು ಚರಣ ಬರೆದರು. ರೆಕಾರ್ಡಿನಲ್ಲಿ ಇರುವುದು ಎರಡೇ. ರೀಡ್ ಬ್ಯಾಂಡಿನ ಸದಸ್ಯರೇ, ಆದರೆ ಯಾವ ವಾದ್ಯವನ್ನೂ ನುಡಿಸುತ್ತಿರಲಿಲ್ಲ, ಹಾಡುತ್ತಲೂ ಇರಲಿಲ್ಲ. ಪದ ಬರೆಯುವುದೇ ಕೆಲಸ. ಬ್ಯಾಂಡಿನಲ್ಲಿ ಒಬ್ಬ ಆಸ್ಥಾನ ಕವಿ ಇದ್ದ ಹಾಗೆ.

ಹಾಡಿದವರು, ಪಿಯಾನೋ ನುಡಿಸಿದವರು ಗ್ಯಾರಿ ಬ್ರೂಕರ್. ಹಳೆಯ ಕಾಲದ ಜರ್ಮನ್ ಸಂಗೀತಗಾರ ಬಾಖ್‌ನ ಸಂಗೀತ ಕೇಳುತ್ತಾ ಕೇಳುತ್ತಾ, ಒಂದೊಂದೇ ಮೆಟ್ಟಿಲು ಕೆಳಗಿಳಿಯುವ ಹಾಗಿನ ಒಂದು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಸಾಲನ್ನು ಅವರು ಕಟ್ಟಿದ್ದರು. ಇಷ್ಟೆಲ್ಲ ಆದ ಮೇಲೆ ಬ್ಯಾಂಡಿಗೆ ಸೇರಿದವರು ಮ್ಯಾಥ್ಯೂ ಫಿಶರ್. ಅವರ ಹತ್ತಿರ ಸ್ವಂತದ್ದೊಂದು ಹ್ಯಾಮಂಡ್ ಆರ್ಗನ್ ಇತ್ತು, ಅದೇ ಚಿಕ್ಕಪ್ಪನ ‘ಚರ್ಚ್ ಹಾರ್ಮೋನಿಯಂ’. ಆ ಇಳಿಯುವ ಮೆಟ್ಟಿಲುಗಳ ಮೇಲೆ ಫಿಶರ್ ಒಂದು ರಾಗ ಹೆಣೆದರು. ಹಾಡು ಶುರುವಾಗುವುದೇ ಅದರಿಂದ. ಮೊದಲ ಸ್ವರವನ್ನು ಹಿಡಿದು, ಬಿಡದೆ, ಸ್ವಲ್ಪ ಹೊತ್ತು ಅಲ್ಲೇ ನಿಂತು, ಆಮೇಲೆ ಸುತ್ತಿ ಸುತ್ತಿ ಕೆಳಗೆ ಬರುತ್ತದೆ. ಚರಣ ಮುಗಿದ ಮೇಲೆ ಮತ್ತೆ ಬರುತ್ತದೆ. ಕೊನೆಗೂ ಅದೇ. ಲೇಬಲ್ಲಿನ ಮೇಲೆ ಮಾತ್ರ ಎರಡೇ ಹೆಸರು: ಬ್ರೂಕರ್, ರೀಡ್.

ಫಿಶರ್ 1969ರಲ್ಲಿ ಬ್ಯಾಂಡ್ ಬಿಟ್ಟರು. ಮುಂದೆ ಕಂಪ್ಯೂಟರ್ ಕಲಿತು ಪ್ರೋಗ್ರಾಮರ್ ಆದರು. ನಮ್ಮ ಬೆಂಗಳೂರಿನವರಿಗೆ ಇದು ತೀರಾ ಪರಿಚಿತ ಕಥೆ. ಹಗಲು ಕೋಡಿಂಗ್, ಸಂಜೆ ಸಂಗೀತ. ಆದರೆ ಹೊರಗೆ ಎಲ್ಲಿ ಹೋದರೂ ತಾವೇ ಬಾರಿಸಿದ ರಾಗ ಕೇಳಿಸುತ್ತಿದ್ದ ಪ್ರೋಗ್ರಾಮರ್ ಅವರೊಬ್ಬರೇ ಇರಬೇಕು. 2005ರಲ್ಲಿ, ಅಂದರೆ ರೆಕಾರ್ಡ್ ಬಂದು 38 ವರ್ಷವಾದ ಮೇಲೆ, ಅವರು ಕೋರ್ಟಿಗೆ ಹೋದರು. ಈ ಹಾಡಿನ ರಚನೆಯಲ್ಲಿ ನನ್ನದೂ ಪಾಲಿದೆ, ಅರ್ಧ ಕೊಡಿ ಅಂತ.

ಬ್ರೂಕರ್ ಕಡೆಯವರ ವಾದ ನೇರವಾಗಿತ್ತು. ಇವನು ಬ್ಯಾಂಡಿಗೆ ಬರುವ ಮುಂಚೆಯೇ ಹಾಡು ಮುಗಿದಿತ್ತು. ಅಲ್ಲದೆ ಇಷ್ಟು ವರ್ಷ ಯಾಕೆ ಬಾಯಿ ಮುಚ್ಚಿಕೊಂಡಿದ್ದ? ಎರಡನೇ ಪ್ರಶ್ನೆ ಯಾರ ಮನಸ್ಸಿಗೂ ಬರುವಂಥದ್ದೇ. ಆದರೆ ನೀವೇ ಯೋಚಿಸಿ. ಚಿಕ್ಕ ಹುಡುಗ, ಬ್ಯಾಂಡಿಗೆ ಈಗಷ್ಟೇ ಸೇರಿದ್ದಾನೆ, ಮೊದಲ ಹಾಡೇ ಒಂದನೇ ನಂಬರ್. ಆವತ್ತು ನನ್ನ ಪಾಲು ಎಲ್ಲಿ ಅಂತ ಜೋರು ಮಾಡಿದ್ದರೆ ಬಾಗಿಲು ತೋರಿಸುತ್ತಿದ್ದರು. ಹೊಸ ಕೆಲಸದಲ್ಲಿ ಮೊದಲ ತಿಂಗಳೇ ಓವರ್‌ಟೈಮ್ ಲೆಕ್ಕ ಕೇಳುವವರು ಎಷ್ಟು ಜನ ಇದ್ದಾರೆ?

2006ರ ಡಿಸೆಂಬರಿನಲ್ಲಿ ಹೈಕೋರ್ಟ್ ಫಿಶರ್‌ಗೆ ಸಂಗೀತದ ಹಕ್ಕಿನಲ್ಲಿ 40 ಪರ್ಸೆಂಟ್ ಕೊಟ್ಟಿತು. ಆರ್ಗನ್ನಿನ ಆ ಭಾಗ ಬರೀ ಅಲಂಕಾರ ಅಲ್ಲ, ರಚನೆಯದೇ ಭಾಗ ಅಂತ ನ್ಯಾಯಾಧೀಶರು ಒಪ್ಪಿದರು. 2008ರಲ್ಲಿ ಮೇಲ್ಮನವಿ ಕೋರ್ಟ್, ಹೆಸರು ಇರಲಿ, ದುಡ್ಡು ಬೇಡ, ತುಂಬಾ ತಡ ಮಾಡಿದ್ದೀಯ ಅಂದಿತು. 2009ರ ಜುಲೈ 30ರಂದು ಹೌಸ್ ಆಫ್ ಲಾರ್ಡ್ಸ್ (ಅಲ್ಲಿನ ಸಂಸತ್ತಿನ ಮೇಲ್ಮನೆ, ಆಗ ಕೊನೆಯ ಮೇಲ್ಮನವಿ ಹೋಗುತ್ತಿದ್ದದ್ದು ಅಲ್ಲಿಗೇ) ಅದನ್ನು ತಳ್ಳಿಹಾಕಿ 40 ಪರ್ಸೆಂಟನ್ನು ವಾಪಸ್ ಕೊಡಿಸಿತು. ತಡವಾದದ್ದರಿಂದ ಬ್ರೂಕರ್‌ಗೆ ನಷ್ಟ ಏನೂ ಆಗಿಲ್ಲ, ಲಾಭವೇ ಆಗಿದೆಯಲ್ಲ ಅನ್ನುವುದು ಅಲ್ಲಿ ಬಂದ ಮಾತಿನ ಸಾರ. ಅದೇ ಅಕ್ಟೋಬರಿನಲ್ಲಿ ಬ್ರಿಟನ್ನಿಗೆ ಹೊಸ ಸುಪ್ರೀಂ ಕೋರ್ಟ್ ಬಂತು. ಅಂದರೆ ಲಾರ್ಡ್ಸ್ ಸಭೆ ನ್ಯಾಯಾಲಯವಾಗಿ ಕೊಟ್ಟ ಕೊನೆಕೊನೆಯ ತೀರ್ಪುಗಳಲ್ಲಿ ಒಂದು, ಒಂದು ಪಾಪ್ ಹಾಡಿನ ಆರ್ಗನ್ ಬಿಟ್ ಬಗ್ಗೆ.

ನನಗೆ ಬ್ರೂಕರ್ ಮೇಲೆ ಸಿಟ್ಟಿಲ್ಲ. ಮೆಟ್ಟಿಲು ಕಟ್ಟಿದ್ದು ಅವರೇ. ಆ ಕಾರ್ಡ್‌ಗಳು ಇಲ್ಲದಿದ್ದರೆ ಫಿಶರ್ ನಡೆಯುವುದಾದರೂ ಎಲ್ಲಿ? ಬಾಖ್ ಬಂದು ನನ್ನ ಪಾಲು ಅಂತ ಕೇಳಿದ್ದರೆ ಇಬ್ಬರೂ ತಲೆ ತಗ್ಗಿಸಬೇಕಿತ್ತು. ಆದರೂ 40 ಪರ್ಸೆಂಟ್ ನ್ಯಾಯ ಅಂತಲೇ ನನಗನ್ನಿಸುತ್ತದೆ. ಆ ಹಾಡನ್ನು ಗುನುಗಿ ಅಂದರೆ ಜನ ಗುನುಗುವುದು ಆರ್ಗನ್ನನ್ನೇ. ಒಮ್ಮೆ ಗುನುಗಿ ನೋಡಿ.

‘ಸ್ಯಾಕ್ಸ್’ ಅಂದರೆ ‘ಬೇಕರ್ ಸ್ಟ್ರೀಟ್’, 1978ರದ್ದು. ಬರೆದು ಹಾಡಿದವರು ಸ್ಕಾಟ್ಲೆಂಡಿನ ಪೇಯ್ಸ್ಲಿ ಊರಿನ ಜೆರಿ ರಾಫರ್ಟಿ. ಹಿಂದಿನ ಬ್ಯಾಂಡ್ ಒಡೆದು, ಕಾಂಟ್ರಾಕ್ಟಿನ ಗೋಜಲಲ್ಲಿ ಸಿಕ್ಕಿ, ಮೂರು ವರ್ಷ ಒಂದು ಹಾಡನ್ನೂ ಹೊರಗೆ ತರಲಾಗದೆ ಇದ್ದರು. ವಕೀಲರನ್ನು ನೋಡಲು ಸ್ಕಾಟ್ಲೆಂಡಿನಿಂದ ಲಂಡನ್ನಿಗೆ ಓಡಾಟ. ಉಳಿಯುತ್ತಿದ್ದದ್ದು ಬೇಕರ್ ಸ್ಟ್ರೀಟ್ ಹತ್ತಿರ ಒಬ್ಬ ಗೆಳೆಯನ ಮನೆಯಲ್ಲಿ. ಹಾಡಿನಲ್ಲಿ ಇರುವುದೂ ಅದೇ. ದೊಡ್ಡ ಊರಿನಲ್ಲಿ ಮನಸ್ಸು ನಿಲ್ಲದ ಒಬ್ಬ, ಇನ್ನೊಂದೇ ವರ್ಷ, ಆಮೇಲೆ ಎಲ್ಲ ಬಿಟ್ಟು ಊರಲ್ಲಿ ನೆಲೆಯಾಗ್ತೀನಿ ಅಂತ ಹೇಳಿಕೊಳ್ಳುವ ಇನ್ನೊಬ್ಬ. ನಮ್ಮ ಪಿಜಿಗಳಲ್ಲಿ ಹತ್ತು ವರ್ಷದಿಂದ ಇದೇ ಮಾತು ಹೇಳುತ್ತಿರುವವರು ನನಗೇ ನಾಲ್ಕು ಜನ ಗೊತ್ತು.

ಸ್ಯಾಕ್ಸೊಫೋನ್ ನುಡಿಸಿದವರು ರಾಫೆಲ್ ರೇವನ್ಸ್‌ಕ್ರಾಫ್ಟ್. ಅವರೇ ಹೇಳಿಕೊಂಡ ಪ್ರಕಾರ, ಆ ದಿನದ ಕೂಲಿ 27 ಪೌಂಡ್, ಅದೂ ಚೆಕ್ ಬೌನ್ಸ್ ಆಯಿತು! ರಾಫರ್ಟಿಗೆ ಆ ಹಾಡಿನಿಂದ ವರ್ಷಕ್ಕೆ ಸುಮಾರು 80,000 ಪೌಂಡ್ ಬರುತ್ತಿತ್ತು ಅಂತ ಪತ್ರಿಕೆಗಳು ಬರೆದವು. ಇನ್ನೊಂದು ಮಾತನ್ನೂ ರೇವನ್ಸ್‌ಕ್ರಾಫ್ಟ್ ಹೇಳಿದ್ದರು. ಆ ಬಿಟ್ ಕೇಳಿದರೆ ನನಗೇ ಕಿರಿಕಿರಿ, ಶ್ರುತಿ ಸ್ವಲ್ಪ ಇಳಿದಿದೆ ಅಂತ. ಅದನ್ನು ಓದಿದ ಮೇಲೆ ನನಗೂ ಹಾಗೇ ಕೇಳಿಸುತ್ತಿದೆ. ಓದಬಾರದಿತ್ತು.

ಬಿಟ್ಟನ್ನೇ ಹಾಡು ಅಂತ ಬರೆದುಕೊಂಡ ಚಿಕ್ಕಪ್ಪನ ಪಕ್ಷ ಹಿಡಿಯುವುದು ಇಲ್ಲಿ ಸ್ವಲ್ಪ ಕಷ್ಟ. 2011ರಲ್ಲಿ ರಾಫರ್ಟಿ ತೀರಿಕೊಂಡರು. ಅದೇ ವರ್ಷ ಆ ಆಲ್ಬಮ್ ಮತ್ತೆ ಬಂದಾಗ ಹಳೆಯ ಡೆಮೋ, ಅಂದರೆ ಕರಡು ರೆಕಾರ್ಡಿಂಗ್, ಒಂದನ್ನು ಸೇರಿಸಿದ್ದರು. ಅದರಲ್ಲಿ ಆ ಬಿಟ್ ಇದೆ, ಸ್ವರಕ್ಕೆ ಸ್ವರ ಇದೆ, ಆದರೆ ಗಿಟಾರಿನಲ್ಲಿ. ನುಡಿಸಿದ್ದು ರಾಫರ್ಟಿಯೇ. ಅಂದಮೇಲೆ ರಚನೆ ಅವರದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಡೆಮೋ ಕೇಳಿದರೆ ರೋಮಾಂಚನ ಆಗುವುದಿಲ್ಲ. ಚೆನ್ನಾಗಿದೆ ಅನ್ನಿಸುತ್ತದೆ, ಅಷ್ಟೇ. ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಕೇಳಿ ಬೆಳೆದ ನಮಗೆ ಬೇರೆ ಹೇಳಬೇಕಾಗಿಲ್ಲ. ಕೀರ್ತನೆ ಯಾರದ್ದೇ ಇರಲಿ, ಅದು ಆ ಉಸಿರಿನಲ್ಲಿ ಬಂದಾಗ ಬೇರೆಯೇ. ಆ ಉಸಿರಿಗೆ ರೇಟು ಇದೆ, ರಾಯಲ್ಟಿ ಇಲ್ಲ. (ಆ ಸ್ಯಾಕ್ಸ್ ನುಡಿಸಿದ್ದು ಬಾಬ್ ಹೋಲ್ನೆಸ್ ಎಂಬ ಟಿವಿ ಕ್ವಿಜ್ ನಿರೂಪಕ ಅಂತ ಯಾರೋ ತಮಾಷೆಗೆ ಹಬ್ಬಿಸಿದ ಸುದ್ದಿಯನ್ನು ಬ್ರಿಟನ್ನಿನಲ್ಲಿ ಎಷ್ಟೋ ಜನ ನಿಜ ಅಂತಲೇ ನಂಬಿದ್ದರು. ಪಾಪ, ರೇವನ್ಸ್‌ಕ್ರಾಫ್ಟ್‌ಗೆ ಹೆಸರೂ ಪೂರ್ತಿ ದಕ್ಕಲಿಲ್ಲ.)

‘ಹೆಂಗಸು ಕೂಗುವುದು’ ಪಿಂಕ್ ಫ್ಲಾಯ್ಡ್ ಬ್ಯಾಂಡಿನದು. 1973ರ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಆಲ್ಬಮ್ಮಿನ ‘ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ’. ಅದನ್ನು ಪಾಪ್ ಅನ್ನಬಹುದೋ ಇಲ್ಲವೋ, ಅಜ್ಜಿಗಂತೂ ಎಲ್ಲಾ ಒಂದೇ. ಅದು ಬಂದಾಗಲೆಲ್ಲ ಒಳಗಿನಿಂದ, ಯಾರಿಗೋ ಏನೋ ಆಗಿದೆ ನೋಡ್ರೋ ಅನ್ನುತ್ತಿದ್ದರು.

ಹಾಡಿದವರು ಕ್ಲೇರ್ ಟೋರಿ, 25 ವರ್ಷ. ಶನಿವಾರ ಬಾ ಅಂದರೆ, ಚಕ್ ಬೆರ್ರಿ ಕಛೇರಿಗೆ ಟಿಕೆಟ್ ತಗೊಂಡಿದ್ದೀನಿ, ಆಗಲ್ಲ ಅಂದರಂತೆ. ಹಾಗಾಗಿ ಭಾನುವಾರ ಆಬಿ ರೋಡ್ ಸ್ಟುಡಿಯೋಗೆ ಬಂದರು. ಬ್ಯಾಂಡಿನ ರಿಚರ್ಡ್ ರೈಟ್ ಅವರ ಪಿಯಾನೋ ಆಗಲೇ ರೆಕಾರ್ಡ್ ಆಗಿತ್ತು. ಮಾತಿಲ್ಲ, ಸ್ವರದ ಸಾಲೂ ಬರೆದಿಲ್ಲ. ಏನಾದರೂ ಹಾಡು, ಆದರೆ ಪದ ಬೇಡ ಅಂದರು. ತಾನೊಂದು ವಾದ್ಯ ಅಂದುಕೊಂಡು ಆಕೆ ಹಾಡಿದರು. ಒಂದು ಟೇಕ್, ಇನ್ನೊಂದು ಟೇಕ್, ಮೂರನೆಯದನ್ನು ಅರ್ಧಕ್ಕೆ ನಿಲ್ಲಿಸಿದರು. ಜಾಸ್ತಿ ಆಯ್ತೇನೋ ಅಂತ ನಾಚಿಕೊಂಡರು. ಕೈಗೆ ಬಂದದ್ದು 30 ಪೌಂಡ್, ಭಾನುವಾರದ ರೇಟು. ಇದನ್ನು ಬಳಸಿಕೊಳ್ಳುವುದಿಲ್ಲ ಅಂತಲೇ ತಿಳಿದು ಮನೆಗೆ ಹೋಗಿದ್ದರು. ಬಳಸಿಕೊಂಡದ್ದು ಗೊತ್ತಾದದ್ದು ಅಂಗಡಿಯಲ್ಲಿ ಆಲ್ಬಮ್ ತಿರುಗಿಸಿ ನೋಡಿದಾಗ. ಹಾಡಿದವರು ಅಂತ ಹೆಸರಿತ್ತು, ರಚನೆಯಲ್ಲಿ ಇರಲಿಲ್ಲ. 2004ರಲ್ಲಿ ಕೇಸು ಹಾಕಿದರು, ಮುಂದಿನ ವರ್ಷ ಕೋರ್ಟಿನ ಹೊರಗೆ ರಾಜಿಯಾಯಿತು. ಈಗ ಆ ಹಾಡಿನ ರಚನೆ ರೈಟ್ ಮತ್ತು ಟೋರಿ. ಆಲಾಪನೆ ಗೊತ್ತಿರುವ ನಮಗೆ ಇದರಲ್ಲಿ ವಾದಕ್ಕೇ ಜಾಗ ಕಾಣುವುದಿಲ್ಲ. ರಾಗವನ್ನು ಆ ಕ್ಷಣದಲ್ಲಿ ಬೆಳೆಸಿದವರು ಯಾರೋ ಅವರದ್ದೇ ಅಲ್ವಾ ಅದು?

ಮೊದಲ ‘ಪಿಟೀಲು’ ಬೀಟಲ್ಸ್‌ನ ‘ಯೆಸ್ಟರ್‌ಡೇ’. ಇದು ಉಲ್ಟಾ ಕಥೆ. ಲಂಡನ್ನಿನ ವಿಂಪೋಲ್ ಸ್ಟ್ರೀಟಿನಲ್ಲಿ, ಗೆಳತಿಯ ಮನೆಯ ಮೇಲಿನ ರೂಮಿನಲ್ಲಿ, ಪಾಲ್ ಮೆಕಾರ್ಟ್ನಿ ಒಂದು ಬೆಳಿಗ್ಗೆ ಎದ್ದಾಗ ಇಡೀ ರಾಗ ತಲೆಯಲ್ಲಿತ್ತು. ಕನಸಿನಲ್ಲಿ ಬಂದದ್ದು. ಪಕ್ಕದಲ್ಲೇ ಇದ್ದ ಪಿಯಾನೋದಲ್ಲಿ ನುಡಿಸಿ ನೋಡಿದರು. ಇಷ್ಟು ಸಲೀಸಾಗಿ ಬಂದಿದೆ ಅಂದರೆ ಎಲ್ಲೋ ಕೇಳಿ ಕದ್ದಿರಬೇಕು ಅಂತ ಭಯ. ವಾರಗಟ್ಟಲೆ ಸಿಕ್ಕಸಿಕ್ಕವರಿಗೆಲ್ಲ ನುಡಿಸಿ ತೋರಿಸಿ, ಇದನ್ನು ಎಲ್ಲಾದರೂ ಕೇಳಿದ್ದೀರಾ ಅಂತ ಕೇಳಿದರು. ಯಾರೂ ಕೇಳಿರಲಿಲ್ಲ. ಮಾತು ಇನ್ನೂ ಸಿಕ್ಕಿರಲಿಲ್ಲವಾದ್ದರಿಂದ, ನಮ್ಮ ಸಿನಿಮಾದವರು ಡಮ್ಮಿ ಲಿರಿಕ್ಸ್ ಅಂತಾರಲ್ಲ ಹಾಗೆ, ‘ಸ್ಕ್ರ್ಯಾಂಬಲ್ಡ್ ಎಗ್ಸ್’ ಅಂತ ಹಾಡಿಕೊಳ್ಳುತ್ತಿದ್ದರು. ಅಂದರೆ ಎಗ್ ಬುರ್ಜಿ. ಜಗತ್ತೇ ಕಣ್ಣೀರು ಹಾಕಿದ ಹಾಡಿನ ಜಾಗದಲ್ಲಿ ಮೊದಲಿದ್ದದ್ದು ಎಗ್ ಬುರ್ಜಿ.

ನಿಜವಾದ ಮಾತು ಸಿಕ್ಕಿದ್ದು 1965ರಲ್ಲಿ ಪೋರ್ಚುಗಲ್ಲಿಗೆ ರಜೆಗೆ ಹೋದಾಗ, ಕಾರಿನಲ್ಲಿ. ಜೂನ್ 14ರಂದು ರೆಕಾರ್ಡಿಂಗ್. ಪಾಲ್ ಒಬ್ಬರೇ, ಕೈಯಲ್ಲೊಂದು ಗಿಟಾರ್. ಮೂರು ದಿನ ಬಿಟ್ಟು ನಾಲ್ಕು ಜನ ತಂತಿವಾದ್ಯದವರು ಬಂದು ನುಡಿಸಿದರು. ಅವರನ್ನು ಕರೆಸೋಣ ಅಂದದ್ದು ನಿರ್ಮಾಪಕ ಜಾರ್ಜ್ ಮಾರ್ಟಿನ್. ಬೇರೆ ಯಾವ ಬೀಟಲ್ಸ್ ಸದಸ್ಯರೂ ಆ ಹಾಡಿನಲ್ಲಿ ಇಲ್ಲ. ಆದರೂ ರಚನೆ: ಲೆನನ್–ಮೆಕಾರ್ಟ್ನಿ. ಹುಡುಗರಾಗಿದ್ದಾಗ ಪಾಲ್ ಮತ್ತು ಬ್ಯಾಂಡಿನ ಜಾನ್ ಲೆನನ್ ಮಾಡಿಕೊಂಡಿದ್ದ ಒಪ್ಪಂದ ಅದು, ಯಾರು ಬರೆದರೂ ಇಬ್ಬರ ಹೆಸರು. ಬಹಳ ವರ್ಷವಾದ ಮೇಲೆ, ಈ ಒಂದು ಹಾಡಿಗಾದರೂ ನನ್ನ ಹೆಸರು ಮೊದಲು ಬರಲಿ ಅಂತ ಪಾಲ್ ಕೇಳಿದರು. ಲೆನನ್ ಹೆಂಡತಿ ಯೋಕೋ ಓನೋ ಒಪ್ಪಲಿಲ್ಲ. ಒಂದು ಕಡೆ ಬಾರಿಸಿದವರಿಗೆ ಹೆಸರಿಲ್ಲ, ಇನ್ನೊಂದು ಕಡೆ ಆ ಹಾಡಿನಲ್ಲಿ ಇಲ್ಲದವರಿಗೆ ಅರ್ಧ ಹೆಸರು.

ಎರಡನೇ ಪಿಟೀಲಿನ ಕಥೆಯಂತೂ ಪಹಣಿಯಲ್ಲಿ ಅಜ್ಜನ ಹೆಸರೇ ಉಳಿದುಬಿಟ್ಟ ಜಮೀನಿನ ಹಾಗೆ. 1997ರ ‘ಬಿಟರ್ ಸ್ವೀಟ್ ಸಿಂಫನಿ’, ದಿ ವರ್ವ್ ಬ್ಯಾಂಡಿನದು. ಮಾತು, ಹಾಡುವ ರಾಗ ರಿಚರ್ಡ್ ಆಶ್‌ಕ್ರಾಫ್ಟ್ ಅವರದು. ಹಿಂದೆ ತಿರುತಿರುಗಿ ಬರುವ ಪಿಟೀಲು ಮಾತ್ರ ಅರುವತ್ತರ ದಶಕದ ರೆಕಾರ್ಡಿನಿಂದ ಎತ್ತಿದ್ದು. ರೋಲಿಂಗ್ ಸ್ಟೋನ್ಸ್‌ನ ‘ದಿ ಲಾಸ್ಟ್ ಟೈಮ್’ ಹಾಡನ್ನು ಅವರ ಮ್ಯಾನೇಜರ್ ಆಂಡ್ರ್ಯೂ ಓಲ್ಡ್‌ಹ್ಯಾಮ್ ಆರ್ಕೆಸ್ಟ್ರಾದಲ್ಲಿ ಮಾಡಿಸಿದ್ದರು, ಅದರಿಂದ. ರೆಕಾರ್ಡಿಂಗ್ ಬಳಸಲು ಅನುಮತಿ ಸಿಕ್ಕಿತ್ತು. ಆದರೆ ರಚನೆಯ ಹಕ್ಕು ಆಲೆನ್ ಕ್ಲೈನ್ ಎಂಬ ಗಟ್ಟಿ ವ್ಯಾಪಾರಸ್ಥರ ಕಂಪನಿಯಲ್ಲಿತ್ತು. ಆಶ್‌ಕ್ರಾಫ್ಟ್ 1,000 ಡಾಲರಿಗೆ ತಮ್ಮ ಹಕ್ಕು ಬಿಟ್ಟುಕೊಡಬೇಕಾಯಿತು. ಹಾಡು ಸ್ಟೋನ್ಸ್ ಬ್ಯಾಂಡಿನ ಮಿಕ್ ಜಾಗರ್, ಕೀತ್ ರಿಚರ್ಡ್ಸ್ ಹೆಸರಿಗೆ ಹೋಯಿತು. ಇಪ್ಪತ್ತು ವರ್ಷದಲ್ಲಿ ಅವರಿಬ್ಬರು ಬರೆದ ಅತ್ಯುತ್ತಮ ಹಾಡು ಇದು ಅಂತ ಆಶ್‌ಕ್ರಾಫ್ಟ್ ಕುಟುಕಿದ್ದರು.

ಈಗ ಆ ಹಾಡನ್ನೂ, ಸ್ಟೋನ್ಸ್ ಹಾಡನ್ನೂ ಒಂದಾದ ಮೇಲೊಂದು ಕೇಳಿ. ಆ ಪಿಟೀಲು ಸ್ಟೋನ್ಸ್ ಹಾಡಿನಲ್ಲಿ ಇಲ್ಲವೇ ಇಲ್ಲ. ಅದನ್ನು ಆರ್ಕೆಸ್ಟ್ರಾಕ್ಕಾಗಿ ಬರೆದವರು ಡೇವಿಡ್ ವಿಟೇಕರ್. ಜಗಳ ಇದ್ದದ್ದೇ ಆ ಪಿಟೀಲಿನ ಬಗ್ಗೆ, ಆದರೆ ವಿಟೇಕರ್ ಹೆಸರು ಯಾವ ಕಡೆಯೂ ಇಲ್ಲ. ಸ್ಟೋನ್ಸ್ ಹಾಡಿನ ಪಲ್ಲವಿಯಾದರೂ ಅವರ ಸ್ವಂತದ್ದಾ ಅಂದರೆ ಅದೂ ಅಲ್ಲ. ಅಮೆರಿಕದ ಸ್ಟೇಪಲ್ ಸಿಂಗರ್ಸ್ ಹಾಡುತ್ತಿದ್ದ ಒಂದು ಹಳೆಯ ಭಜನೆಯಿಂದ ಬಂದದ್ದು. 2019ರಲ್ಲಿ ಜಾಗರ್ ಮತ್ತು ರಿಚರ್ಡ್ಸ್ ತಾವಾಗಿಯೇ ಹಾಡನ್ನು ಆಶ್‌ಕ್ರಾಫ್ಟ್‌ಗೆ ಬಿಟ್ಟುಕೊಟ್ಟರು. ಒಳ್ಳೆಯ ಕೆಲಸ. ವಿಟೇಕರ್ ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು.

ಇದಕ್ಕೆಲ್ಲ ಜಾಣ ದಾರಿ ಹುಡುಕಿದವರು ಕ್ವೀನ್ ಬ್ಯಾಂಡಿನವರು. 1975ರಲ್ಲಿ ‘ಬೊಹೀಮಿಯನ್ ರಾಪ್ಸೊಡಿ’ ಒಂಬತ್ತು ವಾರ ಒಂದನೇ ನಂಬರ್. ಬರೆದವರು ಫ್ರೆಡಿ ಮರ್ಕ್ಯುರಿ, ನಮ್ಮ ಪಕ್ಕದ ಮಹಾರಾಷ್ಟ್ರದ ಪಂಚಗಣಿಯ ಬೋರ್ಡಿಂಗ್ ಶಾಲೆಯಲ್ಲಿ ಪಿಯಾನೋ ನುಡಿಸಿಕೊಂಡು ಬೆಳೆದ ಪಾರ್ಸಿ ಹುಡುಗ. ಅದೇ ರೆಕಾರ್ಡಿನ ಹಿಂಬದಿಯಲ್ಲಿ ಡ್ರಮ್ಮರ್ ರೋಜರ್ ಟೇಲರ್ ಕಾರಿನ ಪ್ರೀತಿಯ ಮೇಲೆ ಬರೆದ ಒಂದು ಹಾಡಿತ್ತು. ರೆಕಾರ್ಡ್ ಮಾರಾಟವಾದರೆ ಎರಡೂ ಬದಿಗೆ ಸಮ ಪಾಲು. ಜನ ಕೊಂಡದ್ದು ಮುಂದಿನ ಹಾಡಿಗೆ, ಹಿಂದಿನ ಹಾಡಿಗೂ ಅಷ್ಟೇ ದುಡ್ಡು. ಬ್ಯಾಂಡಿನೊಳಗೆ ಮುನಿಸು ಆಗದೆ ಇರುತ್ತದಾ? ಕೊನೆಗೆ 1989ರ ಆಲ್ಬಮ್ಮಿನಿಂದ ಯಾರು ಬರೆದರೂ ‘ರಚನೆ: ಕ್ವೀನ್’ ಅಂತ ಹಾಕಿಬಿಟ್ಟರು. ನಾಲ್ವರಿಗೂ ಸಮ. ಒಟ್ಟು ಕುಟುಂಬ ಒಡೆಯುವ ಮುಂಚೆಯೇ ಹಿರಿಯರು ಕೂತು ಲೆಕ್ಕ ಹಾಕಿದ ಹಾಗೆ.

ಮೊನ್ನೆ ಫೋನಿನಲ್ಲಿ ಫಿಶರ್ ಕಥೆಯನ್ನು ಚಿಕ್ಕಪ್ಪನಿಗೆ ಹೇಳಿದೆ. ಈಗ ರಿಟೈರ್ ಆಗಿ ಊರಲ್ಲೇ ಇದ್ದಾರೆ. ಪೂರ್ತಿ ಕೇಳಿಸಿಕೊಂಡರು.

“ಸರಿ, 40 ಪರ್ಸೆಂಟ್ ಯಾವತ್ತಿಂದ?” ಅಂದರು.

“ಕೇಸು ಹಾಕಿದ 2005ರಿಂದ ಈಚೆಗೆ, ಚಿಕ್ಕಪ್ಪ.”

“ಮತ್ತೆ 67ರಿಂದ ಇದ್ದಿದ್ದು? ಅರಿಯರ್ಸ್ ಕೊಡಲಿಲ್ವಾ?”

“ಇಲ್ಲ.”

ಸ್ವಲ್ಪ ಹೊತ್ತು ಮಾತಿಲ್ಲ. ಅವರ ಕಾರ್ಖಾನೆಯಲ್ಲಿ ಒಂದು ವೇತನ ಪರಿಷ್ಕರಣೆಯ ಅರಿಯರ್ಸಿಗಾಗಿ ಹನ್ನೊಂದು ತಿಂಗಳು ಗೇಟಿನ ಮುಂದೆ ಕೂತ ಮನುಷ್ಯ.

“ಅವರಿಗೆ ಯೂನಿಯನ್ ಇರಲಿಲ್ವೇನೋ?”

“ಇತ್ತು. ಸ್ಟುಡಿಯೋದಲ್ಲಿ ದಿನಕ್ಕೆ ಇಷ್ಟು ಅಂತ ರೇಟು ನಿಗದಿ ಮಾಡೋದು ಅದೇ.”

“ಹಂಗಾದ್ರೆ ದಿನಗೂಲಿ ಅನ್ನು” ಅಂದರು. ಆಮೇಲೆ, “ಅದಿರಲಿ, ಆ ಸ್ಯಾಕ್ಸಿನವನ ಕಥೆ ಏನಾಯ್ತು?”

27 ಪೌಂಡ್ ಅಂದೆ. ಚೆಕ್ ಬೌನ್ಸ್ ಅಂದೆ. ಜೋರಾಗಿ ನಕ್ಕರು. ಹಾಡು ಅಲ್ಲಿಗೆ ಮುಗಿಯುವುದಿಲ್ಲ ಚಿಕ್ಕಪ್ಪ, ಇನ್ನೂ ಇದೆ, ಕಳಿಸ್ತೀನಿ ಇರಿ ಅಂತ ವಾಟ್ಸಾಪಿನಲ್ಲಿ ಲಿಂಕ್ ಹಾಕಿದೆ. ಅವರು ಅದನ್ನು ಒತ್ತಲಿಲ್ಲ. ಫೋನ್ ಕಿವಿಗೆ ಹಿಡಿದುಕೊಂಡೇ ಆ ಬಿಟ್ಟನ್ನು ಗುನುಗತೊಡಗಿದರು. ಒಂದು ಸಲ ಪೂರ್ತಿ. ಎರಡನೇ ಸಲ ಮೇಲಕ್ಕೆ ಏರುತ್ತಿದ್ದ ಹಾಗೆ, ಟೇಪ್ ಮುಗಿಯುತ್ತಿದ್ದ ಜಾಗಕ್ಕೆ ಸರಿಯಾಗಿ, ನಿಲ್ಲಿಸಿದರು.